ಅರ್ಧ ಕೆಂಪು, ಅರ್ಧ ಹಸಿರು

ವಿಶ್ವಕಪ್ ಫುಟ್‌ಬಾಲ್‌ಗೆ ಇನ್ನು ಒಂಬತ್ತೇ ದಿನ. ಪೇಂಟರ್ ತನ್ನ ಬೀದಿಯ ಗೋದಾಮಿನ ಉದ್ದ ಗೋಡೆಗೆ ಎರಡನೆಯ ಸಲ ಬಿಳಿ ಬಣ್ಣ ಹೊಡೆದು ಏಣಿಯಿಂದ ಇಳಿದ. ಹದಿನಾರು ವರ್ಷದಿಂದ ಅವನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಗೋಡೆ ಅದು.

ಆ ಬೀದಿಯಲ್ಲಿ ಅರ್ಧ ಜನ ಕೆಂಪು ತಂಡದ ಅಭಿಮಾನಿಗಳು, ಇನ್ನರ್ಧ ಹಸಿರು ತಂಡದವರು. ನಾಲ್ಕು ವರ್ಷಕ್ಕೊಮ್ಮೆ ನಾಣ್ಯ ಚಿಮ್ಮುವುದು, ಗೆದ್ದ ಕಡೆಯ ತಂಡದ ನಾಯಕನನ್ನು ಗೋಡೆ ತುಂಬ ಬರೆಯುವುದು ಅಲ್ಲಿನ ಕಟ್ಟುಪಾಡು. ಯಾರೇ ಗೆಲ್ಲಲಿ, ಬರೆಯುವ ಕೈ ಪೇಂಟರನದೇ. ಅವನೋ ಹುಟ್ಟಾ ಕೆಂಪಿನವನು. ಹಾಳು ನಾಣ್ಯ ಹಿಂದಿನ ಮೂರು ಸಲ ಹಸಿರಿಗೇ ಬಿದ್ದಿತ್ತು. ಮೂರು ಸಲವೂ ಹಲ್ಲು ಕಚ್ಚಿಕೊಂಡು ಎದುರಾಳಿಯ ಮುಖ ಬರೆದಿದ್ದ, ರೆಪ್ಪೆಯ ಒಂದು ಕೂದಲಿಗೂ ಮೋಸ ಮಾಡದೆ. ಈ ಸಲ ನಾಣ್ಯ ಕೆಂಪಿಗೆ ಒಲಿದಿತ್ತು. ಅಂದಿನಿಂದ ಊಟದ ಮುಂದೆ ಕೂತರೂ ಅವನ ಬೆರಳು ಮೇಜಿನ ಮೇಲೆ ನಾಯಕನ ಮೂಗು ತಿದ್ದುತ್ತಿತ್ತು.

ಗೋದಾಮನ್ನು ಹೊಸದಾಗಿ ಕೊಂಡಿದ್ದ ಹಾಸಿಗೆ ವ್ಯಾಪಾರಿ ಅಷ್ಟರಲ್ಲಿ ಬಂದ. ಹಸಿ ಬಣ್ಣಕ್ಕೆ ಬೆರಳೊತ್ತಿ, ಆ ಬೆರಳನ್ನು ಏಣಿಗೇ ಒರೆಸಿ, ಫೋನ್ ಚಾಚಿದ. ಅದರಲ್ಲಿ ವ್ಯಾಪಾರಿಯದೇ ಜಿಡ್ಡು ಮುಖ, ಕೆಳಗೆ ಯಾರೋ ಆಟಗಾರನ ಮೈ. ಮೈ ಮೇಲಿನ ಅಂಗಿ ಬಲಕ್ಕೆ ಕೆಂಪು, ಎಡಕ್ಕೆ ಹಸಿರು.

"ಇದನ್ನ ಬರೀರಿ. ಎರಡೂ ಕಡೆ ನಮ್ಮ ಗಿರಾಕಿಗಳಿದಾರೆ, ಯಾರಿಗೂ ಬೇಜಾರಾಗಬಾರದು."

"ಹಿಂಗೆ ಅಂಗಿ ಹಾಕ್ಕೊಂಡೋನು ಗೋಲ್ ಯಾವ ಕಡೆ ಹೊಡೀತಾನೆ ಸಾರ್?"

"ಎರಡೂ ಕಡೆ ಹೊಡೀಲಿ ಬಿಡ್ರಿ. ಜಾಸ್ತಿ ಹೊಡೆದಷ್ಟೂ ಒಳ್ಳೇದಲ್ವಾ?"

ಪೇಂಟರ್ ಫೋನನ್ನು ಹಿಂದಕ್ಕೆ ತಳ್ಳಿದ. ಹಾಲಿಗೆ ಸೀಮೆಎಣ್ಣೆ ಬೆರೆಸಿ ಕುಡಿ ಎಂದಿದ್ದರೂ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಹಸಿರು ಎದುರಾಳಿಯದೇ ಆದರೂ ಅದಕ್ಕೊಂದು ಮಾನವಿತ್ತು. ಈ ಎಂಜಲು ಬಣ್ಣಕ್ಕೇನಿದೆ?

"ನಮ್ಮ ಕೆಂಪಿನೋರು ಒಪ್ಪಲ್ಲ ಸಾರ್."

"ಆಗಲೇ ಒಪ್ಪಿಯಾಯ್ತು. ಹೋಗಿ ಕೇಳಿ."

ಅವನು ಕೆಂಪಿನವರು ಸೇರುವ ಕೋಣೆಗೆ ಓಡಿದ. ಬಾಗಿಲಲ್ಲೇ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅದರೊಂದಿಗೆ ಬೆವರಿದ ಕಾಲುಚೀಲದ್ದು. ವ್ಯಾಪಾರಿ ಪುಕ್ಕಟೆ ಕೊಟ್ಟ ಹತ್ತು ಹಾಸಿಗೆಗಳ ಮೇಲೆ ಹತ್ತು ಜನ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದ್ದರು. ಹಿಂದಿನ ವಿಶ್ವಕಪ್‌ನಲ್ಲಿ ಕೆಂಪು ಸೋತಾಗ ಎರಡು ದಿನ ಅಂಗಡಿ ಮುಚ್ಚಿ ಅತ್ತಿದ್ದ ಟೈಲರ್, ಬಿರುಕುಬಿಟ್ಟ ಹಿಮ್ಮಡಿಯನ್ನು ದಿಂಬಿನ ಮೇಲಿಟ್ಟು ಉಜ್ಜುತ್ತಿದ್ದ.

"ಒಂದ್ಸಲ ಬೆನ್ನು ಹಾಕಿ ನೋಡೋ. ಮ್ಯಾಚ್ ಮಲಗೇ ನೋಡಬಹುದು."

"ನಮ್ಮ ಗೋಡೆ ಕಣಯ್ಯಾ ಅದು!"

"ಗೋಡೆ ನಾಲ್ಕು ವರ್ಷಕ್ಕೆ ಮತ್ತೆ ಬರುತ್ತೆ. ಬೆನ್ನುನೋವು ದಿನಾ ಬರುತ್ತಪ್ಪ," ಎಂದ ಟೈಲರ್. ಉಳಿದವರು ಮಲಗಿದ್ದಲ್ಲೇ ಹಲ್ಲು ಕಿಸಿದರು.

"ಥೂ," ಎಂದು ಪೇಂಟರ್ ಹೊರಬಿದ್ದ. ಮರುದಿನ ಬೆಳಿಗ್ಗೆ ವ್ಯಾಪಾರಿಗೆ ಬರೆಯುವುದಿಲ್ಲ ಎಂದು ಮುಖಕ್ಕೇ ಹೇಳಿದ. ವ್ಯಾಪಾರಿ ಬೇಸರಪಟ್ಟುಕೊಳ್ಳಲೂ ಇಲ್ಲ. ಸಂಜೆಯ ಹೊತ್ತಿಗೆ ಗೋಡೆಯ ಉದ್ದಕ್ಕೂ ಅದೇ ಚಿತ್ರ ಅಚ್ಚು ಹಾಕಿದ ಫ್ಲೆಕ್ಸ್ ಬಿಗಿದಿತ್ತು. ಪೇಂಟರನ ಬಿಳಿ ಬಣ್ಣದೊಳಕ್ಕೆ ಮೊಳೆ ಇಳಿದಿತ್ತು.

ಎದುರಿನ ಕ್ಷೌರದಂಗಡಿ ಅವನ ಭಾವನದು. ಭಾವ ಹಸಿರಿನವರಲ್ಲಿ ಹಸಿರಿನವನು. ವಿಶ್ವಕಪ್ ಬಂತೆಂದರೆ ಇಬ್ಬರ ನಡುವೆ ಒಂದು ಒಳ್ಳೆಯ ಮಾತಿರದು. ಅಂದು ಭಾವ ಕುರ್ಚಿ ತೋರಿಸಿ, ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಎತ್ತಿದ.

"ಭಾವ, ನಿಮ್ಮ ದರಿದ್ರ ಹಸಿರನ್ನೇ ಪೂರ್ತಿ ಬರಿ ಅಂದಿದ್ರೂ ಬರೀತಿದ್ದೆ."

"ಕತ್ತಿ ಕುತ್ತಿಗೆ ಮೇಲಿದೆ, ನೋಡ್ಕೊಂಡು ಮಾತಾಡು ಭಾಮೈದ." ಭಾವನ ಕಣ್ಣು ಕನ್ನಡಿಯಲ್ಲಿತ್ತು. ಕನ್ನಡಿ ತುಂಬ ಎದುರು ಗೋಡೆಯ ಆ ಜಿಡ್ಡು ಮುಖವೇ. "ಯಾವ ಗಲ್ಲ ಕೆರೆಯೋಕೆ ಹೋದ್ರೂ ಹಿಂದೆ ಇವನೇ ಹಲ್ಲು ಕಿರೀತಾನೆ. ನಮ್ಮ ಹಸಿರಿಗೆ ನಿಮ್ಮ ಕೆಂಪು ಅಂಟಿಸಿದಾನಲ್ಲ, ನಂಗೂ ವಾಕರಿಕೆ ಬರ್ತಿದೆ ಕಣೋ."

ಒಂದು ಕೆನ್ನೆ ಮುಗಿಯಿತು. ಭಾವ ಕತ್ತಿ ಒರೆಸುತ್ತ, "ನನ್ನ ಷಟರ್ ಮೇಲೆ ಬರಿ," ಎಂದ.

"ಯಾರನ್ನ?"

"ನಾಣ್ಯ ಯಾರಿಗೆ ಬಿತ್ತೋ ಅವರನ್ನ."

"ಕೆಂಪಿನೋನನ್ನಾ? ನಿಮ್ಮ ಅಂಗಡಿ ಮೇಲಾ?"

"ದಿನಾ ಬೆಳಿಗ್ಗೆ ಅವನನ್ನ ಸುರುಳಿ ಸುತ್ತಿ ಮೇಲಕ್ಕೆ ತಳ್ತೀನಲ್ಲ, ಆ ಸುಖ ನಂಗಿರಲಿ."

ಅಂಗಡಿಯ ವಾರದ ರಜೆಯಂದು ಪೇಂಟರ್ ಇಡೀ ದಿನ ಬರೆದ. ಷಟರಿನ ಪಟ್ಟಿಗಳಿಗೆ ಸಿಕ್ಕಿ ನಾಯಕನ ಮೂಗು ಮೂರು ಕಡೆ ಮುರಿಯಿತು. ಊಟ ತಂದ ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಇದು ನಾಯಕನೋ, ಜಗಳದಲ್ಲಿ ಏಟು ತಿಂದೋನೋ?" ಎಂದಳು. ಆದರೂ ಅಂಗಿ ಮಾತ್ರ ಕಾಲರಿನಿಂದ ಅಂಚಿನವರೆಗೆ ಅಪ್ಪಟ ಕೆಂಪು.

ಎರಡು ದಿನ ಕಳೆದು, ಅಂಗಡಿ ತೆರೆಯುವ ಮೊದಲೇ ಟೈಲರ್ ಬಂದ. ಹೊಸ ಹಾಸಿಗೆಯಲ್ಲಿ ಚೆನ್ನಾಗಿ ನಿದ್ದೆ ಹೊಡೆದು ಮುಖ ಊದಿತ್ತು. ಷಟರ್ ನೋಡುತ್ತ ಅವನ ಕಣ್ಣು ತುಂಬಿ ಬಂತು.

"ಎಂಥಾ ಕೈಯೋ ನಿಂದು! ನಮ್ಮ ಕೆಂಪು ಅಂದ್ರೆ ಕೆಂಪೇ," ಎನ್ನುತ್ತ ಸವರಲು ಅಂಗೈ ಚಾಚಿದ.

ಪೇಂಟರ್ ಆ ಕೈಯನ್ನು ಸತ್ತ ಇಲಿಯನ್ನು ನೋಡುವಂತೆ ನೋಡಿದ.

"ದೂರ ನಿಂತು ನೋಡು. ಬಣ್ಣ ಇನ್ನೂ ಹಸಿ ಇದೆ," ಎಂದ.

ಬಣ್ಣ ಒಣಗಿ ಒಂದು ದಿನವಾಗಿತ್ತು.