ಗದ್ದುಗೆಯ ಮುಂದಿನ ಆಣೆ

ಎತ್ತು ಹಾಯಲು ಬಂದಂತೆ ಕನಸು ಬಿದ್ದು, ಅಪ್ಪ ನಿದ್ದೆಯಲ್ಲೇ ಕೂಗುತ್ತ ಕೈ ಬೀಸಿದ್ದ. ಏಟು ಬಿದ್ದದ್ದು ಪಕ್ಕದಲ್ಲಿ ಮಲಗಿದ್ದ ಅವ್ವನ ಕೆನ್ನೆಗೆ. ಕೆನ್ನೆ ಬಾತ ಸುದ್ದಿ ಕೇಳಿ ಅವ್ವನ ತವರು ಎಕ್ಕಂಬಿಯಿಂದ ಸೋದರಮಾವಂದಿರು ಬಂದಿಳಿದರು. ಅಪ್ಪನನ್ನು ಮಠಕ್ಕೆ ಎಳೆದೊಯ್ದು, ಗದ್ದುಗೆಯ ಮುಂದೆ ವಿಭೂತಿ ಮುಟ್ಟಿಸಿ, ಹೆಂಡತಿಯ ಮೇಲೆ ಇನ್ನು ಕೈ ಎತ್ತುವುದಿಲ್ಲವೆಂದು ಆಣೆ ಮಾಡಿಸಿದರು.

"ಕನಸಿನ್ಯಾಗ ಆಗಿದ್ದು, ನನಗ ಗೊತ್ತಾಗಲಿಲ್ಲ" ಎಂದ ಅಪ್ಪ.

"ಕನಸಿನ್ಯಾಗ ಬಡಿಯಾಕ ಹೇಣ್ತೀನ ಬೇಕೇನು?" ಎಂದು ದೊಡ್ಡ ಮಾವ ಚನ್ನಬಸವ ಹಂಗಿಸಿದ. ಎಲ್ಲರೂ ನಕ್ಕರು.

ಸ್ವಲ್ಪ ದಿನದಲ್ಲೇ ಅಪ್ಪ ನಿದ್ದೆಯಲ್ಲಿ ಮತ್ತೆ ಅವ್ವನನ್ನು ಒದ್ದ. ಆಣೆ ಮುರಿದವನ ಜೊತೆ ಬಾಳುವುದು ಬೇಡವೆಂದು ಮಾವಂದಿರು ಅವ್ವನನ್ನು ತವರಿಗೆ ಕರೆದೊಯ್ದರು.

ಅದಾಗಿ ಎಷ್ಟೋ ವರ್ಷಗಳ ಮೇಲೆ ಅಪ್ಪನಿಗೆ ಮರೆವು ಹತ್ತಿತು. ಶಿರಸಿಯ ಡಾಕ್ಟರು ಮೊದಲು ಕೇಳಿದ್ದೇ, "ನಿದ್ದೆಯಲ್ಲಿ ಹೊಡೆಯುವುದು, ಒದೆಯುವುದು ಇತ್ತಾ?" ಎಂದು. ಕೆಲವರಲ್ಲಿ ಈ ಕಾಯಿಲೆ ಬಹಳ ಮೊದಲೇ ಹಾಗೆ ಸೂಚನೆ ಕೊಡುತ್ತದಂತೆ.

"ಅವಾಗ ಯಾರಿಗೆ ಗೊತ್ತಿತ್ತು?" ಎಂದ ಚನ್ನಬಸವ ಮಾವ. ಕನಸಿನಲ್ಲಿ ಆದದ್ದೆಂದು ಅಪ್ಪ ಅಂದೇ ಬಾಯಿ ಬಿಟ್ಟು ಹೇಳಿದ್ದ.

ಅವ್ವ ಈಗ ಮರಳಿ ಬಂದಿದ್ದಾಳೆ. ಅವಳು ರೊಟ್ಟಿ ಮುರಿದು ತಿನ್ನಿಸುವಾಗ ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಾನೆ. ಅವಳ ಮುಖ ನೋಡಿ ಅನ್ನುತ್ತಾನೆ:

"ಅಕ್ಕಾರ, ನನ್ನ ಹೇಣ್ತಿ ತವರಮನಿಗೆ ಹೋಗ್ಯಾಳ್ರಿ. ಸಿಕ್ಕರ ಹೇಳ್ರಿ, ನಾ ಈಗ ಬಡಿಯಂಗಿಲ್ಲ."