ಸತ್ತವರ ಪಾಲು

"ಏನೇ ಮುಂಡೆ, ತಂಬಿಗೇಲಿ ಏನ್ ಬಚ್ಚಿಟ್ಕಂಡಿದ್ದೀಯೆ? ಇಳ್ಸು ಕೆಳಕ್ಕೆ."

ಕಾಡಿನ ಗೇಟು ಕಾಯುವ ಗಾರ್ಡ್ ನಟರಾಜು ಕೂತಲ್ಲಿಂದಲೇ ಗದರಿದ. ಕುರ್ಚಿ ಬಿಟ್ಟು ಏಳುವಷ್ಟೂ ಪುರುಸೊತ್ತಿಲ್ಲ ಪುಣ್ಯಾತ್ಮನಿಗೆ. ಕುಳ್ಳಮ್ಮ ತಲೆಮೇಲಿನ ತಂಬಿಗೆ ಇಳಿಸಿದಳು. ದೂರದಿಂದ ನಡೆದು ಬಂದಿದ್ದಳು. ಬೈಗುಳಕ್ಕೆ ನೊಂದುಕೊಳ್ಳುವ ತ್ರಾಣ ಎಲ್ಲಿಂದ ಬರಬೇಕು? ಜೊತೆಗೆ ಬಂದಿದ್ದ ತಮ್ಮ ಅಂಕಯ್ಯ ನೆಲ ನೋಡುತ್ತ ನಿಂತ.

"ಜೇನು ಸಾಮಿ. ನಮ್ಮೆಜಮಾನಂಗೆ ಎಡೆ ಇಕ್ಕಕ್ಕೆ."

ಗಂಡ ದೊಡ್ಡಮಾದಯ್ಯ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದ. ಗೇಟಿನಾಚೆ, ಇವರನ್ನೆಲ್ಲ ಎಬ್ಬಿಸಿ ಹೊರಗಟ್ಟಿದ ಹಳೇ ಹಾಡಿಯಲ್ಲಿ, ಯಾರ್‍ಯಾರದೋ ಕಾಲು ಹಿಡಿದು ಅವನನ್ನು ಮಣ್ಣು ಮಾಡಿದ್ದರು. ವರ್ಷದ ಮೊದಲ ಜೇನಿಗೆ ಸತ್ತವರ ಬಾಯಿ ಮೊದಲು. ಎಡೆಗೆಂದು ಒಂದೇ ಒಂದು ಮರ ಹತ್ತಬೇಕು. ಸಮಾಧಿ ಕಲ್ಲಿನ ಮುಂದೆ ಎಲೆ ಹಾಸಿ, ಜೇನು ಹೊಯ್ದು, ಕೈಮುಗಿದು, ತಿರುಗಿ ನೋಡದೆ ಬರಬೇಕು. ಅಲ್ಲಿಯ ತನಕ ಹಾಡಿಯವರು ಇನ್ನೊಂದು ಮರ ಮುಟ್ಟುವಂತಿಲ್ಲ, ಜೇನು ಕೊಳ್ಳುವ ಸೊಸೈಟಿಗೆ ಒಂದು ತೊಟ್ಟು ಹಾಕುವಂತಿಲ್ಲ. ಮಳೆ ಹಿಡಿದರೆ ಜೇನೂ ಇಲ್ಲ, ಗಂಜಿಯೂ ಇಲ್ಲ.

"ಸತ್ತೋನ್ಗ್ಯಾಕೆ ಜೇನು? ಬದುಕಿರೋರ್ಗೆ ಕೊಡು," ಎಂದ ನಟರಾಜು, ಕೂತಲ್ಲೇ ಬಗ್ಗಿ ತಂಬಿಗೆಯ ಬಾಯಿಗೆ ಮುಚ್ಚಿದ್ದ ಎಲೆ ಕಿತ್ತು ಬಿಸಾಕಿದ.

"ಮುಟ್ಬ್ಯಾಡಿ ಸಾಮಿ, ಅವ್ರ್ಗೆ ಮೊದ್ಲು..."

ಅಷ್ಟರಲ್ಲಿ ಬೆರಳು ಅದ್ದಿ ಚೀಪಿಯೇ ಬಿಟ್ಟಿದ್ದ. "ಚೆನ್ನಾಗದೆ ಕಣೆ. ಸಾಹೇಬ್ರ ಮನೆಗೆ ಅರ್ಧ ಬಗ್ಗಿಸ್ಬುಟ್ಟು ಒಳಿಕ್ಕೋಗು."

"ಎಂಜ್ಲಾಯ್ತು ಕಣಕ್ಕ," ಅಂಕಯ್ಯ ಅಕ್ಕನ ತೋಳು ಹಿಡಿದೆಳೆದ. "ಇನ್ನೇನಿಕ್ತೀಯ ಭಾವಂಗೆ? ನಡಿ, ಮನೀಗೋಗನ. ಈ ವರ್ಸ ಮುಗೀತು."

ಬದುಕಿದ್ದಾಗಲೂ ಮೊದಲ ತುತ್ತು ಕಾಣದ ಜೀವ, ಸತ್ತ ಮೇಲೂ ಅದಕ್ಕೆ ಇದೇ ಗತಿಯೇ? ಕುಳ್ಳಮ್ಮನಿಗೆ ಅಳು ಬರಲಿಲ್ಲ. ದಾರಿ ಪಕ್ಕದ ಗಿಡದಿಂದ ಒಂದು ತೇಗದೆಲೆ ಕಿತ್ತು, ಸೆರಗಿನಿಂದ ಧೂಳು ಒರೆಸಿ, ನಟರಾಜುವಿನ ಬೂಟಿನ ಮುಂದೆ ಹಾಸಿದಳು. ತಂಬಿಗೆಯನ್ನು ಅದರ ಮೇಲೆ ಪೂರ್ತಿ ಬಗ್ಗಿಸಿದಳು. ಕೈಮುಗಿದಳು.

"ಏನೇ ಇದು?"

"ಸತ್ತೋರ ಪಾಲು ಸಾಮಿ. ಮೊದ್ಲು ತಿಂದೋರು ನೀವು. ಪೂರ್ತಿ ತಿನ್ನಿ." ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ತಮ್ಮನ ಕಡೆ ತಿರುಗಿ, "ಎಡೆ ಸಲ್ತು ಕಣಪ್ಪ. ನಾಳಿಕೆ ಮರ ಹತ್ತಿ ಎಲ್ಲಾರೂವೆ," ಎಂದಳು.

ನಟರಾಜು ಈಗ ಎದ್ದ. ಎಲೆ ಒದೆಯಲು ಎತ್ತಿದ ಕಾಲನ್ನು ಹಾಗೇ ಇಳಿಸಿದ.

"ಲೇ ಬೋಳಿ, ತೆಗಿಯೇ ಇದ್ನ. ನಾನಿನ್ನೂ ಬದುಕಿವ್ನಿ ಕಣೇ."

ಅಕ್ಕ ತಮ್ಮ ಹೊರಟಾಗಿತ್ತು.

"ಕುಳ್ಳಮ್ಮ... ಒಂದ್ಸಲ ತಿರುಗ್ ನೋಡಮ್ಮಿ."

ಇಬ್ಬರೂ ತಿರುಗಿ ನೋಡಲಿಲ್ಲ.