ಹರಿದ ಎಡಗಿವಿಯ ಗುರುತು

ಅಪರಿಚಿತರ ಮುಂದೆ ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಇಂಥವಳು ಸತ್ತ ಸೈನಿಕನ ಜೀವನ ಹುಡುಕುವುದೇ? ಡೈರಿಯಲ್ಲಿ ಇಷ್ಟು ಬರೆದು ಹಾಸಿಗೆಯಡಿ ತಳ್ಳಿ, ಮೈತ್ರಿ ವಾಡಿಯಿಂದ ಹಿರಿಯರ ಊರಾದ ತೆಂಗಳಿಗೆ ಹೊರಟಳು.

ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ ದಶರಥನಿಗೆ ಊರ ಶಾಲೆಯೆದುರು ಸ್ಮಾರಕದ ಕಲ್ಲು ನಿಲ್ಲಿಸುವವರಿದ್ದರು. ಅವನು ಅವಳ ಅಜ್ಜ, ಅವಳು ಮುತ್ಯಾ ಎನ್ನುವ ಭೀಮಶಾನ ಅಣ್ಣ. ಕಲ್ಲಿಗೆ ನಾಲ್ಕು ಸಾಲು ಬರೆದುಕೊಡುವ ಕೆಲಸ, ಡಿಗ್ರಿ ಓದಿದವಳೆಂದು, ಇವಳ ಪಾಲಿಗೆ ಬಂದಿತ್ತು.

ಶಾಲೆಯ ಹಳೆಯ ರಿಜಿಸ್ಟರಿನಲ್ಲಿ ಅಣ್ಣತಮ್ಮ ಇಬ್ಬರೂ ಸಿಕ್ಕರು. ದಶರಥ ಏಳನೇ ಕ್ಲಾಸು ಪಾಸು. ಭೀಮಶಾ ನಾಲ್ಕಕ್ಕೇ ಬಿಟ್ಟವನು. ದಶರಥನ ಹೆಸರಿನೆದುರು ಗುರುತಿನ ಕಾಲಮಿನಲ್ಲಿ 'ಎಡಗಿವಿ ಹರಿದಿದೆ' ಎಂದಿತ್ತು. ಮೈತ್ರಿ ಎರಡು ಸಲ ಓದಿದಳು. ಹರಿದ ಎಡಗಿವಿ ಇರುವುದು ಮನೆಯಲ್ಲಿರುವ ಮುತ್ಯಾನಿಗೆ. ಮನೆಯ ಗೋಡೆಯ ಫೋಟೋದಲ್ಲಿರುವ ಸೈನಿಕ ದಶರಥನಿಗೆ ಎರಡೂ ಕಿವಿ ನೆಟ್ಟಗಿವೆ.

ಸಂಜೆ ವಾಡಿಗೆ ಮರಳಿ ಕೇಳಿಯೇಬಿಟ್ಟಳು. ಮುತ್ಯಾನ ಕೈ ಹರಿದ ಕಿವಿಗೆ ಹೋಯಿತು.

"ದಶರಥ ನಾನೇ. ಭೀಮಶಾ ಭಾಳ ಕಿಡಗೇಡಿ, ಹೊಳಿ ತುಂಬಿದಾಗೂ ಈಸಿ ದಾಟಾಂವ. ಹದಿನಾರು ತುಂಬಿದ್ದಿಲ್ಲ. ನನ್ನ ಶಾಲಿ ಸರ್ಟಿಫಿಕೇಟು ಕದ್ದು ನನ್ನ ಹೆಸರಲೆ ಫೌಜಿಗಿ ಸೇರಿದ. ನಾ ಸತ್ತೀನಂತ ತಾರು ಬಂತು, ಬಾಗಿಲಾಗ ನಿಂತು ನಾನೇ ತಗೊಂಡೆ. ಖರೆ ಹೇಳಿದ್ರ ಜೇಲಿಗಿ ಹಾಕ್ತಾರಂತ ಅಂಜಿ, ಅವನ ಹೆಸರ ಹೊತ್ತು ವಾಡಿಗಿ ಬಂದೆ. ಊರಾಗ ಗೊತ್ತಿದ್ದವ್ರು ಬಾಯಿ ಬಿಡ್ಲಿಲ್ಲ, ಈಗ ಯಾರೂ ಉಳದಿಲ್ಲ."

"ಕಲ್ಲಿನ ಮ್ಯಾಲ ಏನ ಬರಸ್ಲಿ ಮುತ್ಯಾ?"

"ಅವಂದು ಅವಗ ಸಿಗಲಿ. ಆದ್ರ ನನ್ನ ಬಾಯಿಂದ ಬರವಲ್ದವ್ವಾ. ಅಂಜಿಕಿ ಇನ್ನಾ ಹೋಗಿಲ್ಲ."

ಮರುದಿನ ಅವಳು ಶಹಾಬಾದಿಗೆ ಹೋದಳು. ಕಲ್ಲು ಕೊರೆಯುವ ಚಾಂದ್ ಉಳಿ ಹಿಡಿದು ಕೂತಿದ್ದ. ಪಕ್ಕದಲ್ಲಿ ಸ್ಮಾರಕ ಸಮಿತಿಯ ಸುರೇಶಕುಮಾರ. ಮೈತ್ರಿ ಬರೆದ ಹಾಳೆ ಚಾಚಿದಳು.

"ನಾಕ ಸಾಲು ಕೇಳಿದ್ರ ಪುಸ್ತಕನೇ ಬರದಿ ಏನವಾ?" ಸುರೇಶಕುಮಾರ ಅಂದ. "ಚಷ್ಮಾ ತಂದಿಲ್ಲ ನಾ, ನೀನೇ ಓದು."

ಅವಳು ಹಾಳೆ ಹಿಂದಕ್ಕೆ ತಂದು ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಜಲ್ದಿ ಹೇಳ್ರಿ ಅಕ್ಕಾ," ಚಾಂದ್ ನಕ್ಕ. "ಕೊರದ ಮ್ಯಾಲ ಅಳಸಾಕ ನನ್ನ ಹತ್ರ ರಬ್ಬರ್ ಇಲ್ಲ. ದಶರಥ ಅಂತ ಸುರು ಮಾಡ್ಲೇನು?"

ಅವನು ಸುತ್ತಿಗೆ ಎತ್ತಿದ. ಮೈತ್ರಿ ಹಾಳೆ ಮಡಚಿ, ಕಲ್ಲಿನ ಮೇಲೆ ಅಂಗೈ ಊರಿದಳು.

"ಬ್ಯಾಡ್ರಿ. ದಶರಥ ನಮ್ಮ ಮುತ್ಯಾ, ಮನ್ಯಾಗ ಅದಾನ. ಯುದ್ಧದಾಗ ಸತ್ತಾಂವ ಅವನ ತಮ್ಮ ಭೀಮಶಾ."